ಲ್ಯಾಮಿನೇಷನ್ ಮಾಮನ ಮಗಳ ಲಸಿಕೆ ಕಾರ್ಡು

ಶಾಲೆಯ ಗೇಟಿಗೆ ಎದುರಾಗಿರುವ ಜೆರಾಕ್ಸ್ ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಕರೆಂಟ್ ಬಿಲ್ಲಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಮಕ್ಕಳು ಅವನನ್ನು ಲ್ಯಾಮಿನೇಷನ್ ಮಾಮ ಎಂದು ಕರೆದರು. ಮಕ್ಕಳು ಕರೆದದ್ದನ್ನೇ ದೊಡ್ಡವರೂ ಕರೆದರು. ಈಗ ಹೆಡ್‌ಮಾಸ್ಟರಿಗೂ ಅವನು ಮಾಮನೇ.

ಅಂಗಡಿ ಎಂದರೆ ಏನು ಮಹಾ, ನಡುವೆ ನಿಂತು ಕೈಚಾಚಿದರೆ ಎರಡು ಗೋಡೆಯೂ ಸಿಗುತ್ತಿತ್ತು. ಎಡಕ್ಕೆ ಜೆರಾಕ್ಸ್ ಯಂತ್ರ, ಅದು ಹೊಟ್ಟೆಪಾಡಿಗೆ. ಬಲಕ್ಕೆ ಲ್ಯಾಮಿನೇಷನ್ ಯಂತ್ರ, ಅದು ಪ್ರೀತಿಗೆ. ಒಂದು ಬಡಪಾಯಿ ಹಾಳೆ ಬಿಸಿ ಉರುಳೆಗಳ ನಡುವೆ ನುಸುಳಿ ಆಚೆಯಿಂದ ಹೊಳೆಯುತ್ತಾ ಈಚೆ ಬರುವುದನ್ನು ಅವನು ಇಷ್ಟು ವರ್ಷವಾದರೂ ಬಾಯಿ ತೆರೆದು ನೋಡುತ್ತಿದ್ದ. ನೀರು ಬಿದ್ದರೆ ಒರೆಸಬಹುದು, ಹರಿಯುತ್ತೇನೆಂದರೂ ಹರಿಯದು, ಗೆದ್ದಲಿಗೆ ಹಲ್ಲೂರಲು ಜಾಗವಿಲ್ಲ. ಇದಕ್ಕಿಂತ ದೊಡ್ಡ ಪವಾಡ ಬೇರೆ ಯಾವುದಿದೆ ಎಂಬುದು ಅವನ ವಾದ.

ಗೆದ್ದಲಿನ ಮೇಲೆ ಅವನಿಗೆ ಹಳೆಯ ಸಿಟ್ಟು. ಚಿಕ್ಕಂದಿನಲ್ಲಿ ಮನೆಯ ಕಾಗದಪತ್ರಗಳಿದ್ದ ಮರದ ಪೆಟ್ಟಿಗೆಗೆ ಅದು ಹತ್ತಿ, ಅವನ ಜನನ ಪತ್ರವನ್ನೂ ಅಂಕಪಟ್ಟಿಯನ್ನೂ ಮಣ್ಣು ಮಾಡಿತ್ತು. ಮುಂದೆ ಕೆಲಸ ಕೇಳಲು ಹೋದಾಗ ಕಚೇರಿಯವರು, "ನೀನು ಹುಟ್ಟಿದ್ದಕ್ಕೆ ಏನಪ್ಪಾ ಸಾಕ್ಷಿ?" ಎಂದಿದ್ದರು. "ಇಲ್ಲೇ ನಿಂತಿದ್ದೀನಲ್ಲ ಸಾರ್" ಎಂದ. ಎಲ್ಲರೂ ನಕ್ಕರು. ಕೆಲಸ ಮಾತ್ರ ಸಿಗಲಿಲ್ಲ. ಅಂದಿನಿಂದ ಕಾಗದವನ್ನು ಕಂಡರೆ ಅವನಿಗೆ ಕೂಸನ್ನು ಕಂಡಷ್ಟು ಕಾಳಜಿ.

ಅವನಿಗೆ ಇನ್ನೊಂದು ನೇಮವೂ ಇತ್ತು. ಕೈಗೆ ಬಂದ ಯಾವ ಕಾಗದವನ್ನೂ ಓದುತ್ತಿರಲಿಲ್ಲ. ನಾಲ್ಕು ಮೂಲೆ ಸರಿಯಾಗಿ ಕೂತಿವೆಯೇ ಎಂದು ನೋಡಿ ಗುಂಡಿ ಒತ್ತುತ್ತಿದ್ದ. "ಜನ ನನ್ನ ಕೈಗೆ ಕೊಡೋದು ಕಾಗದ, ಮನೆ ಸಂಗತಿ ಅಲ್ಲ" ಎನ್ನುತ್ತಿದ್ದ. ಊರಿನವರು ಆಸ್ತಿ ಪತ್ರದಿಂದ ಹಿಡಿದು ಪ್ರೇಮಪತ್ರದವರೆಗೆ ಅವನ ಬಳಿ ತರುತ್ತಿದ್ದುದು ಆ ನಂಬಿಕೆಯಿಂದಲೇ.

ಇಂಥವನಿಗೆ ಮಗಳು ಹುಟ್ಟಿದಳು. ಆಸ್ಪತ್ರೆಯವರು ಎಳೆಗೂಸಿಗೆ ಮೊದಲ ಲಸಿಕೆ ಹಾಕಿ, ದಪ್ಪ ಕಾಗದದ ಕಾರ್ಡೊಂದನ್ನು ಅವನ ಕೈಗಿತ್ತು, "ಜೋಪಾನ" ಎಂದರು. ಜೋಪಾನ ಎಂಬ ಮಾತನ್ನು ಇವನಿಗೆ ಹೇಳಬೇಕೆ? ಅಂದು ಸಂಜೆಯೇ ಅಂಗಡಿಯ ಬಾಗಿಲು ತೆಗೆದು, ಯಂತ್ರ ಬಿಸಿ ಮಾಡಿ, ತನ್ನಲ್ಲಿದ್ದ ಅತಿ ದಪ್ಪನೆಯ ಹಾಳೆಯಲ್ಲಿ ಕಾರ್ಡನ್ನು ಲ್ಯಾಮಿನೇಷನ್ ಮಾಡಿ ತಂದು ಹೆಂಡತಿಯ ಮಡಿಲಲ್ಲಿಟ್ಟ.

ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ರೀ, ಇಷ್ಟೊಂದು ಖಾಲಿ ಮನೆ ಇದೆಯಲ್ಲ, ಮುಂದಿನ ಇಂಜೆಕ್ಷನ್ನೆಲ್ಲ ಎಲ್ಲಿ ಬರೀತಾರೆ?"

ಮಾಮ ಒಂದು ಗಳಿಗೆ ಕಕ್ಕಾಬಿಕ್ಕಿಯಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. "ಮೇಲೆ ಮಾರ್ಕರ್‌ನಲ್ಲಿ ಬರೆದ್ರಾಯ್ತು ಬಿಡು" ಎಂದ.

ಹಾಗೇ ಆಯಿತು. ಪ್ರತಿ ಸಲವೂ ಸಿಸ್ಟರ್ ಬೈದುಕೊಂಡು ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರ್‌ನಲ್ಲಿ ಗೀಚಿದರು. ಪ್ರತಿ ಸಲವೂ ಮನೆ ಮುಟ್ಟುವಷ್ಟರಲ್ಲಿ ಕೂಸು ಅದನ್ನು ಚೀಪಿ, ಒರೆಸಿ, ಕೆನ್ನೆಗೆಲ್ಲ ನೀಲಿ ಬಳಿದುಕೊಂಡಿತು. ಆಮೇಲೆ ಆ ಆಸ್ಪತ್ರೆಯ ಹಳೆಯ ಕಟ್ಟಡವನ್ನೇ ಕೆಡವಿದರು. ಅಲ್ಲಿದ್ದ ದಾಖಲೆಗಳು ಯಾವ ಗೋದಾಮು ಸೇರಿದವೋ ಹೇಳುವವರಿಲ್ಲ. ಮಗಳು ಪುಟ್ಟಿ ಒಂದನೇ ಕ್ಲಾಸಿಗೆ ಸೇರುವ ಹೊತ್ತಿಗೆ ಆ ಕಾರ್ಡು ಊರಲ್ಲೆಲ್ಲ ಅತಿ ಚೆಂದದ ಕಾರ್ಡಾಗಿತ್ತು. ಅದರಲ್ಲಿ ಮೊದಲ ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ.

ಆ ವರ್ಷ ಪಕ್ಕದ ಬಡಾವಣೆಯಲ್ಲಿ ದಡಾರ ಕಾಣಿಸಿಕೊಂಡಿತು. ಹೊಸದಾಗಿ ಸೇರಿದ ಮಕ್ಕಳ ಲಸಿಕೆ ದಾಖಲೆ ಪೂರ್ತಿ ಬರದಿದ್ದರೆ ತರಗತಿಯಲ್ಲಿ ಕೂರಿಸುವಂತಿಲ್ಲ ಎಂದು ಆರೋಗ್ಯ ಇಲಾಖೆ ಶಾಲೆಗೆ ಬಿಗಿಯಾಗಿ ಹೇಳಿತು. ಶಾಲೆಯ ಆಫೀಸ್ ಮೇಡಂ ಮಾಮನನ್ನು ಕರೆಸಿ, ಪುಟ್ಟಿಯ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಮಾಮ, ಕಾರ್ಡು ತುಂಬಾ ಚೆನ್ನಾಗಿದೆ. ಆದ್ರೆ ಖಾಲಿ ಇದೆ."

"ಎಲ್ಲಾ ಹಾಕ್ಸಿದೀವಿ ಮೇಡಂ. ಅವಳು ಅತ್ತಿದ್ದು ಇಡೀ ಬೀದಿಗೆ ಕೇಳಿದೆ, ಬೇಕಾದ್ರೆ ಯಾರನ್ನಾದ್ರೂ ಕೇಳಿ."

"ಅತ್ತಿದ್ದಕ್ಕೆ ಕಾಲಂ ಇಲ್ಲ ಮಾಮ" ಎಂದರು ಮೇಡಂ. ಅವರಿಗೂ ನಗು ತಡೆಯಲಾಗಲಿಲ್ಲ. "ದಾಖಲೆ ಇಲ್ಲ ಅಂದ್ರೆ ಇನ್ನೊಂದ್ಸಲ ಹಾಕಿಸಬಹುದು, ಏನೂ ಆಗಲ್ಲ ಅಂತ ಆರೋಗ್ಯ ಕೇಂದ್ರದವರೇ ಹೇಳಿದಾರೆ. ಹಾಕಿಸಿಬಿಡಿ. ಇಲ್ಲಾಂದ್ರೆ ಸೋಮವಾರದಿಂದ ಪುಟ್ಟಿ ಮನೇಲೇ ಇರಬೇಕಾಗುತ್ತೆ."

ಮಾಮನ ಮುಖ ಗಂಟಿಕ್ಕಿತು. ಹುಟ್ಟಿದ್ದಕ್ಕೆ ಸಾಕ್ಷಿ ಕೇಳಿದ ಹಳೆಯ ಕಚೇರಿಯೇ ಕಣ್ಣೆದುರು ಬಂದಂತಾಯಿತು. ತನ್ನ ಮಾತಿಗೆ ಬೆಲೆಯೇ ಇಲ್ಲವೆ? ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಗುಡುಗಿದ. "ಒಂದ್ಸಲ ಹಾಕ್ಸಿದ್ದನ್ನ ಇನ್ನೊಂದ್ಸಲ ಯಾಕೆ ಹಾಕಿಸ್ಬೇಕು? ನನ್ನ ಮಗಳೇನು ಸೂಜಿ ಚುಚ್ಚಿಡೋ ದಿಂಬಾ?"

"ಹಾಕ್ಸಿದ್ದು ಕಾಣದ ಹಾಗೆ ಮಾಡಿದ್ದು ಯಾರು?" ಎಂದಳು ಹೆಂಡತಿ.

"ಜೋಪಾನ ಮಾಡಿದ್ದೇ ತಪ್ಪಾ?"

"ನಿಮ್ಮ ಜೋಪಾನಕ್ಕಿಷ್ಟು! ಮಗು ಮನೇಲಿ ಕೂತ್ರೆ ನಷ್ಟ ಅವಳಿಗೆ, ನಿಮಗಲ್ಲ."

ಸೋಮವಾರ ಪುಟ್ಟಿ ಶಾಲೆಗೆ ಹೋಗಲಿಲ್ಲ. ಅಪ್ಪನ ಅಂಗಡಿಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಎದುರಿನ ಗೇಟನ್ನು ನೋಡುತ್ತಾ, ಗಂಟೆ ಹೊಡೆದಾಗಲೆಲ್ಲ, "ಈಗ ಲೆಕ್ಕದ ಪಾಠ ಅಪ್ಪಾ", "ಈಗ ಆಟಕ್ಕೆ ಬಿಟ್ರು ಅಪ್ಪಾ" ಎನ್ನುತ್ತಿದ್ದಳು. ಮಾಮನಿಗೆ ಆ ಗಂಟೆ ಎದೆಗೇ ಹೊಡೆಯುತ್ತಿತ್ತು. ಆದರೂ ಹಿಡಿದ ಹಟ ಬಿಡಲಿಲ್ಲ. ಹಟಮಾರಿಗಳ ಪಾಡೇ ಇಷ್ಟು, ಸೋತೆನೆಂದು ತಮಗೆ ಮೊದಲೇ ಗೊತ್ತಾಗಿರುತ್ತದೆ, ಬಾಯಿಗೆ ಮಾತ್ರ ತಡವಾಗಿ ಗೊತ್ತಾಗುತ್ತದೆ.

ಒಂದೆರಡು ದಿನ ಕಳೆದ ಮೇಲೆ ಹಿಂದಿನ ಬೀದಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸು ಅಂಗಡಿಗೆ ಬಂದಳು. ಪುಟ್ಟಿ ಆಗ ಊಟಕ್ಕೆ ಮನೆಗೆ ಹೋಗಿದ್ದಳು. ಹೊಲಿಗೆಯವಳು ಮಡಚಿದ ಕಾಗದವೊಂದನ್ನು ಕೊಟ್ಟು, "ಒಂದು ಕಾಪಿ ಅಣ್ಣಾ, ಚೆನ್ನಾಗಿ ಬರಲಿ. ಶಾಲೆಗೆ ಕೊಡೋದು" ಎಂದಳು. ಮಾಮ ನಾಲ್ಕು ಮೂಲೆ ನೋಡಿ ಗಾಜಿನ ಮೇಲಿಟ್ಟ. ಯಂತ್ರ ಬೆಳಗಿನಿಂದ ಮುನಿಸಿಕೊಂಡಿತ್ತು, ಬಿಸಿಯಾಗಲು ಹೊತ್ತು ಹಿಡಿಯಿತು. ಸುಮ್ಮನೆ ನಿಲ್ಲುವುದು ಹೇಗೆಂದು ಅವನು ಕೇಳಿದ, "ಮಗಳು ಹೇಗಿದಾಳೆ ತಂಗಿ? ಕಾಣಿಸ್ತಾನೇ ಇಲ್ಲ."

ಅವಳು ಒಂದು ಸಲ ಬೀದಿಯ ಕಡೆ ನೋಡಿದಳು. "ರಕ್ತದ ಕಾಯಿಲೆ ಅಣ್ಣಾ. ಹೋದ ವರ್ಷ ಪೂರ್ತಿ ಆಸ್ಪತ್ರೆ. ಈಗ ಪರವಾಗಿಲ್ಲ, ಶಾಲೆಗೆ ಕಳಿಸಿ ಅಂದಿದಾರೆ ಡಾಕ್ಟ್ರು. ಇವಳಿಗೋ ಶಾಲೆ ಅಂದ್ರೆ ಪ್ರಾಣ. ಬ್ಯಾಗು ಜೋಡಿಸಿಟ್ಕೊಂಡು ಬಾಗಿಲಲ್ಲೇ ಕೂತಿರ್ತಾಳೆ."

"ಮತ್ತೆ ಕಳಿಸೋದಲ್ವಾ?"

"ದಡಾರದ ಲಸಿಕೆ ಅವಳಿಗೆ ಹಾಕೋ ಹಾಗಿಲ್ಲ ಅಣ್ಣಾ, ಮೈ ತಡ್ಕೊಳಲ್ಲ. ತಗುಲಿದ್ರೂ ತಡ್ಕೊಳಲ್ಲ. ಜೊತೇಲಿ ಕೂರೋ ಮಕ್ಕಳೆಲ್ಲ ಹಾಕಿಸ್ಕೊಂಡಿದ್ರೆ ರೋಗ ಅವಳ ತನಕ ಬರಕ್ಕೆ ದಾರಿ ಸಿಗಲ್ವಂತೆ. ಅದಕ್ಕೇ ಶಾಲೆಯವರು ಪ್ರತಿ ಮಗೂದೂ ನೋಡ್ತಿದಾರೆ, ಪಾಪ. ಇವಳು ಸೇರೋ ಒಂದನೇ ಕ್ಲಾಸಲ್ಲಿ ಎಲ್ಲಾರೂ ಕೊಟ್ಟಾಯ್ತಂತೆ. ಒಬ್ಬರದ್ದು ಮಾತ್ರ ಬಂದಿಲ್ಲ. ಆ ಮಗೂನೂ ಇವತ್ತಲ್ಲ ನಾಳೆ ಪಕ್ಕದಲ್ಲೇ ಕೂರುತ್ತಲ್ಲ, ಅದಕ್ಕೇ ಅದು ಬಂದ ಮೇಲೇ ಇವಳನ್ನ ಕಳಿಸಿ ಅಂದಿದಾರೆ. ಯಾರದ್ದು ಅಂತ ಹೇಳಲ್ಲ ಅವರು. ಹೇಳೋದೂ ಬೇಡ ಬಿಡಿ, ಅವರಿಗೇನು ಕಷ್ಟವೋ." ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಆ ಒಬ್ಬರಿಗೋಸ್ಕರ ಕಾಯ್ತಿದೀವಿ ಅಣ್ಣಾ."

ಯಂತ್ರ ಹಸಿರು ದೀಪ ತೋರಿಸಿತು. ಮಾಮ ಗುಂಡಿ ಒತ್ತಲಿಲ್ಲ. ಆ ಒಬ್ಬರು ತಾನೇ ಎಂಬುದನ್ನು ನುಂಗಿಕೊಂಡು, ಕೊನೆಗೆ ಕಾಪಿ ತೆಗೆದು ಅವಳ ಕೈಗಿತ್ತ.

ಅವಳು ಹೋದ ಮೇಲೆ ಶಾಲೆಯಲ್ಲಿ ಮಧ್ಯಾಹ್ನದ ಬಿಡುವಿನ ಗಂಟೆ ಹೊಡೆಯಿತು. ಮಕ್ಕಳು ಅಂಗಳಕ್ಕೆ ನುಗ್ಗಿದರು. ಮಾಮ ಈ ಗದ್ದಲವನ್ನು ದಿನವೂ ನೋಡುತ್ತಿದ್ದ, ಆದರೆ ಅಂದು ಮೊದಲ ಸಲ ನೋಡಿದವನಂತೆ ನಿಂತುಬಿಟ್ಟ. ಮೂಗು ಸುರಿಸುವವರು, ಜಡೆ ಎಳೆಯುವವರು, ಒಬ್ಬರ ಬೆನ್ನ ಮೇಲೊಬ್ಬರು ಸವಾರಿ ಮಾಡುವವರು. ಇವರಲ್ಲಿ ಒಬ್ಬೊಬ್ಬರನ್ನೂ ಒಬ್ಬ ತಾಯಿಯೋ ತಂದೆಯೋ ಅಜ್ಜಿಯೋ ಎತ್ತಿಕೊಂಡು ಹೋಗಿ, ಸರತಿಯಲ್ಲಿ ನಿಂತು, ಅಳಿಸಿ, ರಮಿಸಿ, ಮನೆಗೆ ಕರೆತಂದಿದ್ದರು. ತಮ್ಮ ಮಗುವಿಗೆಂದು ಮಾಡಿಸಿದ್ದರು. ಈಗ ನೋಡಿದರೆ ಅವರೆಲ್ಲ ಸೇರಿ, ತಮಗೇ ತಿಳಿಯದಂತೆ, ಯಾರದೋ ಮಗಳ ಸುತ್ತ ಗೋಡೆ ಕಟ್ಟಿಬಿಟ್ಟಿದ್ದರು. ಆ ಗೋಡೆ ಕಣ್ಣಿಗೆ ಕಾಣುವುದಿಲ್ಲ. ಅದು ಓಡುತ್ತದೆ, ಕುಣಿಯುತ್ತದೆ, ಕಿರುಚುತ್ತದೆ. ಅದರಲ್ಲಿ ಒಂದೇ ಒಂದು ಇಟ್ಟಿಗೆಯ ಜಾಗ ಖಾಲಿ ಬಿದ್ದಿದೆ. ಆ ಇಟ್ಟಿಗೆಯನ್ನು ತಾನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿಕೊಂಡಿದ್ದಾನೆ. ಮಾಮನ ಮೈ ಜುಮ್ಮೆಂದಿತು. ನಾಚಿಕೆ ಎಷ್ಟಿತ್ತೋ ಬೆರಗು ಅದಕ್ಕಿಂತ ಹೆಚ್ಚಿತ್ತು.

ಮರುದಿನ ಬೆಳಗ್ಗೆ ಅಂಗಡಿ ಮುಚ್ಚಿ ಪುಟ್ಟಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ. ದಾರಿಯಲ್ಲಿ ಅವಳು ಅವನ ಕಿರುಬೆರಳು ಹಿಡಿದು ಕೇಳಿದಳು, "ಅಪ್ಪಾ, ನೋವಾಗುತ್ತಾ?"

"ಆಗುತ್ತೆ ಪುಟ್ಟಿ. ಸ್ವಲ್ಪ."

"ಮೊದಲೇ ಹಾಕ್ಸಿದೀವಿ ಅಂದ್ಯಲ್ಲ. ಮತ್ತೆ ಯಾಕೆ?"

"ನಿನ್ನ ಕ್ಲಾಸಿಗೆ ಯಾರೋ ಒಬ್ಬರು ಬರಬೇಕಂತೆ. ಅವರಿಗೆ ಚುಚ್ಚಿಸ್ಕೊಳಕ್ಕೆ ಆಗಲ್ವಂತೆ. ಅವರ ಪಾಲಿಂದು ಅನ್ಕೋ."

"ಯಾರು?"

ಮಾಮ ತನ್ನ ನೇಮ ಬಿಡಲಿಲ್ಲ. "ಯಾರಾದ್ರೆ ಏನು" ಎಂದ.

ಕೇಂದ್ರದಲ್ಲಿದ್ದ ಸಿಸ್ಟರಿಗೆ ತಲೆಗೂದಲು ನೆರೆದಿತ್ತು, ಕೈ ಮಾತ್ರ ಚುರುಕಾಗಿತ್ತು. ಅವರು ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಕಿರುಬೆರಳಿನಷ್ಟು ಸೀಸೆಯೊಂದನ್ನು ಹೊರತೆಗೆದರು. ಚುಚ್ಚುವ ಮುಂಚೆ ಅದರ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕಾಗದ ಕಂಡರೆ ಸುಮ್ಮನಿರುವ ಪೈಕಿಯೇ ಮಾಮ? "ಏನು ನೋಡಿದ್ರಿ ಸಿಸ್ಟರ್?" ಎಂದು ಇಣುಕಿದ.

"ಈ ಚುಕ್ಕೆ ನೋಡಿ. ವೃತ್ತದೊಳಗೆ ಒಂದು ಚೌಕ ಇದೆಯಲ್ಲ, ಅದು ಬೆಳ್ಳಗಿರಬೇಕು. ದಾರೀಲಿ ಎಲ್ಲಾದ್ರೂ ಬಿಸಿ ತಗುಲಿದ್ರೆ ಅದು ಕಪ್ಪಾಗ್ತಾ ಹೋಗುತ್ತೆ. ಸುತ್ತಲಿನ ವೃತ್ತದಷ್ಟು ಕಪ್ಪಾದ್ರೆ ಹಾಕೋ ಹಾಗಿಲ್ಲ, ಎಸೀತೀವಿ."

"ಯಾರು ಬರೀತಾರೆ ಅದನ್ನ?"

"ಯಾರೂ ಬರೆಯಲ್ಲ. ಅದೇ ಬರ್ಕೊಳ್ಳುತ್ತೆ."

ಮಾಮ ಆ ಚುಕ್ಕೆಯಿಂದ ಕಣ್ಣು ಕೀಳಲಿಲ್ಲ. ಇಡೀ ಜೀವನ ಕಾಗದಕ್ಕೆ ಬಿಸಿ ತಗುಲಿಸಿಯೇ ಅನ್ನ ತಿಂದವನು ಅವನು. ಇಲ್ಲಿ ಒಂದು ಚೂರು ಕಾಗದ, ತನಗೆ ತಗುಲಿದ ಬಿಸಿಯನ್ನೆಲ್ಲ ನೆನಪಿಟ್ಟುಕೊಂಡು ಬಂದಿತ್ತು. ಯಾವುದೋ ದೂರದ ಕಾರ್ಖಾನೆಯಿಂದ ವಿಮಾನ, ಲಾರಿ, ಫ್ರಿಜ್ಜು, ಈ ಪೆಟ್ಟಿಗೆ. ಎಲ್ಲೂ ಯಾರೂ ಬಾಗಿಲು ಮುಚ್ಚಲು ಮರೆತಿರಲಿಲ್ಲ. ಹೆಸರು ಗೊತ್ತಿಲ್ಲದ ಎಷ್ಟು ಕೈಗಳು ಇದನ್ನು ತಣ್ಣಗೆ ಕಾಪಾಡಿರಬೇಕು! ಆ ಬೆಳ್ಳನೆಯ ಚೌಕವೇ ಸಾಕ್ಷಿ. ಅವನ ಕಣ್ಣು ಮಂಜಾಯಿತು. ಆ ಹೊತ್ತಿಗೆ ಸರಿಯಾಗಿ ಪುಟ್ಟಿ ಬೀದಿಗೆಲ್ಲ ಕೇಳುವಂತೆ ಅತ್ತಳು.

ಸಿಸ್ಟರ್ ಹೊಸ ಕಾರ್ಡು ತೆಗೆದು, ಪೆನ್ನಿನಲ್ಲಿ ಬರೆದು, ಮೊಹರು ಒತ್ತಿದರು. ಉಳಿದದ್ದಕ್ಕೆ ಮತ್ತೆ ಯಾವಾಗ ಬರಬೇಕೆಂದು ಹೇಳಿದರು. ಇಂದು ಹಾಕಿದ್ದು ಮೈಗೆ ಹತ್ತಲು ಒಂದೆರಡು ವಾರ ಬೇಕು ಎಂದೂ ಹೇಳಿ ಕಾರ್ಡನ್ನು ಚಾಚಿದವರು, ಏನೋ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡರು. "ನೀವು ಆ ಲ್ಯಾಮಿನೇಷನ್ ಅಂಗಡಿಯವರಲ್ವಾ?"

"ಇಲ್ಲ ಸಿಸ್ಟರ್, ಇದನ್ನ ಮುಟ್ಟಲ್ಲ. ಮಗಳ ಆಣೆ" ಎಂದ ಮಾಮ.

ಮಧ್ಯಾಹ್ನ ಕಾರ್ಡನ್ನು ಆಫೀಸ್ ಮೇಡಂ ಮೇಜಿನ ಮೇಲಿಟ್ಟ. ಅವರು ಓದಿ, ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ, ಸದ್ಯಕ್ಕೆ ಇಷ್ಟು ಸಾಕಂತೆ ಎಂದು ನಕ್ಕರು. ಪುಟ್ಟಿ ತೋಳು ಉಜ್ಜಿಕೊಳ್ಳುತ್ತಾ ತರಗತಿಗೆ ಓಡಿದಳು.

ವಾರಗಳು ಕಳೆದವು. ಒಂದು ಬೆಳಗ್ಗೆ, ಪ್ರಾರ್ಥನೆಯ ಗಂಟೆಗೆ ಇನ್ನೂ ಹೊತ್ತಿರುವಾಗ, ಹೊಲಿಗೆಯವಳು ಮಗಳ ಕೈಹಿಡಿದು ಅಂಗಡಿಯ ಮುಂದೆ ನಿಂತಿದ್ದಳು. ಸಮವಸ್ತ್ರ ಹೊಚ್ಚ ಹೊಸದು, ಅದೇ ಬಟ್ಟೆಯಲ್ಲಿ ಹೊಲಿದ ಟೋಪಿ ತಲೆಯ ಮೇಲೆ. ಆ ಹುಡುಗಿ ಮೈಯೆಲ್ಲ ಕಣ್ಣಾಗಿ ಗೇಟನ್ನೇ ನೋಡುತ್ತಿದ್ದಳು.

"ಆ ಒಬ್ಬರು ಕೊಟ್ರಂತೆ ಅಣ್ಣಾ" ಎಂದಳು ತಾಯಿ. "ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ."

ಮಾಮ ಬೇಡವಾಗಿದ್ದರೂ ಯಂತ್ರದ ಧೂಳು ಒರೆಸಿದ.

ಅವಳು ಎರಡು ಕಾರ್ಡು ಮುಂದಿಟ್ಟಳು. "ಎರಡನ್ನೂ ಗಟ್ಟಿ ಮಾಡಿಕೊಡಿ."

ಮೊದಲನೆಯದು ಶಾಲೆಯ ಗುರುತಿನ ಚೀಟಿ. ಮಾಮ ಅದನ್ನು ತನ್ನ ಅತಿ ದಪ್ಪನೆಯ ಹಾಳೆಯಲ್ಲಿಟ್ಟು ಉರುಳೆಗಳ ನಡುವೆ ಬಿಟ್ಟ. ಹುಡುಗಿಯ ಮುಖ ಹೊಳೆಯುತ್ತಾ ಈಚೆ ಬಂತು. ಎರಡನೆಯದು ಆಸ್ಪತ್ರೆಯ ಕಾರ್ಡು, ಮಡಿಕೆ ಬಿದ್ದು ಅಂಚು ಸವೆದಿತ್ತು. ಅವನು ಎಂದಿನಂತೆ ಓದಲಿಲ್ಲ, ನಾಲ್ಕು ಮೂಲೆ ಮಾತ್ರ ನೋಡಿದ. ಕೆಳಗಿನ ಮೂಲೆಯವರೆಗೂ ಖಾಲಿ ಮನೆಗಳ ಸಾಲಿತ್ತು. ಅವನು ಅದನ್ನು ಮೆಲ್ಲಗೆ ಮಡಚಿ ಅವಳ ಕೈಯಲ್ಲೇ ಇಟ್ಟ.

"ಇದು ಬೇಡ ತಂಗಿ. ಇದರಲ್ಲಿ ಇನ್ನೂ ಬರೆಯೋದು ತುಂಬಾ ಇದೆ. ವರ್ಷಗಟ್ಲೆ ಬರೀಬೇಕು."

ಅವಳು ಆ ಕಾರ್ಡನ್ನು ಎದೆಗೊತ್ತಿಕೊಂಡು ನಿಂತಳು. ಒಂದು ವರ್ಷದಿಂದ ಎಷ್ಟೋ ಜನ ಅವಳಿಗೆ ಏನೇನೋ ಸಮಾಧಾನ ಹೇಳಿದ್ದರು, ಈ ಮಾತನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯಿತು. ಇನ್ನೂ ಬಿಸಿಯಾಗಿದ್ದ ಗುರುತಿನ ಚೀಟಿಯನ್ನು ಕೆನ್ನೆಗೆ ಒತ್ತಿಕೊಂಡು ಟೋಪಿಯ ಹುಡುಗಿ ಗೇಟಿನ ಕಡೆ ಓಡಿದಳು. ಅಲ್ಲಿ ಪುಟ್ಟಿ ನಿಂತಿದ್ದಳು. ಹೊಸಬಳನ್ನು ಕಂಡು, ಇವಳು ಯಾರೆಂದು ಗೊತ್ತಿಲ್ಲದೆಯೇ, ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.