ಹವಾಮಾನ ಇಲಾಖೆಯ ಅತ್ತಿಗೆ
ನಾನು ಮದುವೆಯಾಗಿ ಈ ಮನೆಗೆ ಬರುವ ತನಕ ನನ್ನ ತವರಿನಲ್ಲಿ ನಮ್ಮ ಅತ್ತಿಗೆಗೆ ಇದ್ದ ಹೆಸರು ಹವಾಮಾನ ಇಲಾಖೆ. ಸಂಜೆ ಅಣ್ಣ ಹೊರಗೆ ಸ್ಕೂಟರಿನ ಸ್ಟ್ಯಾಂಡ್ ಹಾಕಿದ ಸದ್ದಿಗೇ ಅವನ ಮುಖ ಹೇಗಿದೆಯೆಂದು ಅವರು ಅಡುಗೆಮನೆಯಿಂದಲೇ ಹೇಳಿಬಿಡುತ್ತಿದ್ದರು. "ಇವತ್ತು ಮೋಡ ಇದೆ, ಟಿವಿ ಆರಿಸಿ" ಎಂದರೆ ಮನೆಯೆಲ್ಲ ಗಪ್‌ಚಿಪ್. ಒಲೆಯ ಮೇಲೆ ಹಾಲು, ಕೈಯಲ್ಲಿ ಮಗಳ ಯೂನಿಫಾರ್ಮಿನ ಕಿತ್ತ ಗುಂಡಿ, ಒಂದು ಕಿವಿ ಮಾತ್ರ ಸದಾ ಬಾಗಿಲಲ್ಲಿ. ನಮಗೂ ಅದು ಅನುಕೂಲವೇ ಆಗಿತ್ತು. ಅಣ್ಣನ ಹತ್ತಿರ ಏನಾದರೂ ಕೇಳಬೇಕಿದ್ದರೆ, "ಅತ್ತಿಗೆ, ಈಗ ಹೋಗಬಹುದಾ?" ಎನ್ನುತ್ತಿದ್ದೆ. "ತಡಿಯೇ, ಎರಡನೇ ಸಲ ಬಡಿಸಿದ್ಮೇಲೆ ಬಿಸಿಲು ಬರುತ್ತೆ" ಎನ್ನುತ್ತಿದ್ದರು. ಅಣ್ಣ ಕೈಯೆತ್ತಿದವನಲ್ಲ, ಬೈದವನೂ ಅಲ್ಲ. ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದ, ಅಷ್ಟೇ. ಆ ಗಂಟನ್ನು ಹೊರಗೇ ಬಿಚ್ಚಿಟ್ಟು ಬಾ ಎಂದು ಅವನಿಗೆ ನಮ್ಮಲ್ಲೊಬ್ಬರೂ ಹೇಳಲಿಲ್ಲ. ಅತ್ತಿಗೆಯ ಚುರುಕು ಕಿವಿಯನ್ನು ಹೊಗಳಿ ನಕ್ಕೆವು. ಈಗ ಅವರ ಹದಿನಾಲ್ಕರ ಮಗಳು ರಜೆಗೆಂದು ನಮ್ಮ ಮನೆಗೆ ಬಂದಿದ್ದಾಳೆ. ನಿನ್ನೆ ಮಧ್ಯಾಹ್ನ ಬಡಿಸುವಾಗ ನನ್ನ ಕೈಯಿಂದ ಪಾತ್ರೆಯ ಮುಚ್ಚಳ ಜಾರಿ ಠಣ್ಣೆಂದು ಬಿತ್ತು. ಹುಡುಗಿಯ ತುತ್ತು ಕೈಯಲ್ಲೇ ನಿಂತಿತು. "ಅತ್ತೆ, ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದಳು. "ಇಲ್ಲ ಪುಟ್ಟಿ, ಕೈ ಜಾರ್ತು" ಎಂದೆ, ನಕ್ಕೂ ತೋರಿಸಿದೆ. ಅವಳು ನನ್ನ ಮಾತನ್ನು ನಂಬಲಿಲ್ಲ. ನನ್ನ ಹುಬ್ಬನ್ನೇ ನೋಡುತ್ತ, ಅರ್ಧ ಊಟ ಬಿಟ್ಟೆದ್ದು, ಒಂದು ಲೋಟ ನೀರು ತಂದು ಸದ್ದಾಗದಂತೆ ನನ್ನ ಮುಂದಿಟ್ಟಳು.