ಕಣ್ಣು ಮುಚ್ಚಿ ಆಡುವ ಜಗಳ

ನಾವು ಬುಧವಾರ ಸಂಜೆ ಸೇರುವ ಪ್ರಾರ್ಥನೆಗೆ ಸಹವಾಸ ಕೂಟ ಎಂದು ಹೆಸರು. ಹೆಸರಿಟ್ಟ ಪುಣ್ಯಾತ್ಮರು ಕನ್ನಡ ಮಾತಾಡುವವರ ನಡುವೆ ಹೆಚ್ಚು ಓಡಾಡಿದಂತೆ ಕಾಣದು. ಕನ್ನಡದಲ್ಲಿ ಸಹವಾಸದ ಬೆನ್ನಿಗೇ ‘ದೋಷ’ ಬರುತ್ತದೆ, ಇಲ್ಲವೇ ‘ಸಾಕಪ್ಪಾ ಸಾಕು’ ಬರುತ್ತದೆ. ಒಮ್ಮೆ ಆಫೀಸಿನಲ್ಲಿ, “ಇವತ್ತು ಸಹವಾಸಕ್ಕೆ ಹೋಗ್ಬೇಕು, ಬೇಗ ಹೊರಡ್ತೀನಿ” ಎಂದುಬಿಟ್ಟೆ. ಪಕ್ಕದ ಮೇಜಿನವನು ಕನ್ನಡಕದ ಮೇಲಿಂದ ನೋಡಿ, “ಮನೇಲಿ ಗೊತ್ತಾ ಗುರು?” ಎಂದ. “ಹೆಂಡತೀನೇ ಕರ್ಕೊಂಡು ಹೋಗೋದು” ಎಂದೆ. ಅಂದಿನಿಂದ ಅವನು ನನ್ನನ್ನು ನೋಡುವ ರೀತಿಯೇ ಬದಲಾಯಿತು.

ಹೆಂಡತಿ ಪ್ರೇಮಾ ಕರೆದುಕೊಂಡು ಹೋಗುವುದು ನಿಜ. ನಾನು ಅಂಥ ಭಕ್ತನೇನಲ್ಲ. ಸರ್ವಜ್ಞನಗರದ ನಾಲ್ಕೈದು ಮನೆಗಳವರು ಸರದಿಯ ಮೇಲೆ ಕೂಟ ನಡೆಸುತ್ತೇವೆ, ಕೊನೆಯಲ್ಲಿ ಮೂಲೆಯ ಬೇಕರಿಯ ಬಿಸಿ ಪಫ್ಸ್ ಬರುತ್ತದೆ, ನನ್ನ ಭಕ್ತಿ ಹೆಚ್ಚಾಗಿ ಅದರ ಮೇಲೆ. ಒಲೆಯಿಂದ ಹೊರಗೆ ತೆಗೆದಿಟ್ಟ ಕೆಂಡ ಬೇಗ ಆರಿಹೋಗುತ್ತದೆ, ಆದ್ದರಿಂದ ಎಲ್ಲರೂ ಕೂಡಿ ಇರಬೇಕು ಎಂದು ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಪ್ರತಿ ವರ್ಷ ಪ್ರಸಂಗ ಮಾಡುತ್ತಾರೆ. ಸರಿಯೇ. ಆದರೆ ಒಲೆಯೊಳಗೇ ಇರುವ ಕೆಂಡಗಳು ಪರಸ್ಪರ ಸುಟ್ಟುಕೊಳ್ಳುತ್ತವಲ್ಲ, ಅದನ್ನು ಅಯ್ಯನವರು ಹೇಳುವುದಿಲ್ಲ.

ಇದು ಇಂದಿನ ಕಥೆಯಲ್ಲ. ಯೇಸುವಿನ ಶಿಷ್ಯರು ಹನ್ನೆರಡೇ ಜನ, ಎದುರಿಗೆ ಸಾಕ್ಷಾತ್ ಕರ್ತನೇ ಕೂತಿದ್ದಾನೆ. ಆದರೂ ತಮ್ಮಲ್ಲಿ ಯಾರು ದೊಡ್ಡವರು ಎಂದು ವಾದಕ್ಕೆ ಬಿದ್ದರು. ಅವರಿಗೆ ಕಣ್ಣು ಬಿಟ್ಟುಕೊಂಡು ಜಗಳವಾಡುವುದಷ್ಟೇ ಗೊತ್ತಿತ್ತು. ನಾವು ಅಲ್ಲಿಂದ ತುಂಬ ಮುಂದೆ ಬಂದಿದ್ದೇವೆ. ನಮ್ಮ ಜಗಳಗಳೆಲ್ಲ ಪ್ರಾರ್ಥನೆಯಲ್ಲೇ ನಡೆಯುತ್ತವೆ. ಕೂಟದಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಪ್ರಾರ್ಥಿಸಬೇಕು. ಒಬ್ಬರು ಕರ್ತನ ಜೊತೆ ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಕಣ್ಣು ಬಿಟ್ಟು ಗುರಾಯಿಸುವಂತೆಯೂ ಇಲ್ಲ. ‘ಆಮೆನ್’ ಬೀಳುವವರೆಗೆ ಹಲ್ಲು ಕಚ್ಚಿಕೊಂಡು ಕೇಳಬೇಕು. ಯಾವ ವಕೀಲನಿಗೂ ಇಂಥ ಸವಲತ್ತಿಲ್ಲ.

ಈ ಕಲೆಯಲ್ಲಿ ನಮ್ಮ ಇಬ್ಬರು ಘಟಾನುಘಟಿಗಳು ಸಾಲೋಮನ್ ಅಂಕಲ್ ಮತ್ತು ಗ್ರೇಸ್ ಆಂಟಿ. ಅಂಕಲ್ ಕೋಲಾರದ ಚಿನ್ನದ ಗಣಿಯ ಕಡೆಯವರು, ಈಗ ಬಾಣಸವಾಡಿ ವಾಸ. ಕೂಟದಲ್ಲಿ ಹಾಡು ಎತ್ತಿಕೊಡುವವರು ಅವರೇ. ಕೀರ್ತನೆಯನ್ನು ಕನ್ನಡದಲ್ಲಿ ಶುರು ಮಾಡುತ್ತಾರೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಭಕ್ತಿ ಏರಿ, ಬಾಲ್ಯದಲ್ಲಿ ಕಲಿತ ತಮಿಳಿಗೆ ಜಾರುತ್ತಾರೆ. ರಾಗ ಒಂದೇ ಆದ್ದರಿಂದ ಅವರಿಗೆ ಗೊತ್ತೇ ಆಗುವುದಿಲ್ಲ. ಗ್ರೇಸ್ ಆಂಟಿ ನಿವೃತ್ತ ಕನ್ನಡ ಟೀಚರು. ವರ್ಷಗಟ್ಟಲೆ ಸಹಿಸಿಕೊಂಡಿದ್ದ ಆಕೆ ಒಂದು ಬುಧವಾರ ಹಾಡಿನ ನಡುವೆಯೇ ಕೈಯೆತ್ತಿ, “ರೀ ಸಾಲೋಮನ್, ಇದು ಕನ್ನಡ ಕೂಟ!” ಎಂದುಬಿಟ್ಟರು.

ಹಾಡು ನಿಂತಿತು. ಪ್ರಾರ್ಥನೆ ಶುರುವಾಯಿತು.

“ಕರ್ತನೇ,” ಎಂದರು ಅಂಕಲ್, “ನಿನಗೆ ಎಲ್ಲಾ ಭಾಷೆನೂ ಅರ್ಥ ಆಗುತ್ತೆ. ನಮ್ಮಲ್ಲಿ ಕೆಲವರಿಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅವರನ್ನ ಕ್ಷಮಿಸು.”

ಆಂಟಿಯ ಸರದಿ ಬಂತು. “ಕರ್ತನೇ, ನಿನಗೆ ಎಲ್ಲಾ ಭಾಷೆ ಬರುತ್ತೆ ಅಂತ ಎಲ್ಲಾನೂ ಒಂದೇ ಹಾಡಿಗೆ ತುರುಕೋರಿಗೆ ಜ್ಞಾನ ಕೊಡು. ಬಾಬೆಲ್ ಗೋಪುರ ಕಟ್ಟಿದೋರಿಗೆ ಭಾಷೆ ಕಲಸಿಹೋಗಿ ಏನು ಗತಿ ಆಯ್ತು ಅಂತ ನೆನಪು ಮಾಡು.”

ನಾನು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆಂದು ತಿಳಿದು ಪಕ್ಕದವರು ಬೆನ್ನು ಸವರಿದರು.

ಮುಂದಿನ ಬುಧವಾರ ಅಂಕಲ್ ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. ಕೆ.ಆರ್. ಪುರದ ಕಡೆ ಹೊಸದಾಗಿ ಆಗಿರುವ ದೊಡ್ಡ ಎ.ಸಿ. ಹಾಲಿನ ಆರಾಧನೆಗೆ ಹೋಗುತ್ತಿದ್ದಾರಂತೆ ಎಂದು ಪ್ರೇಮಾ ಸುದ್ದಿ ತಂದಳು. ಅಲ್ಲಿ ಗಿಟಾರು, ಬಣ್ಣದ ದೀಪ. ‘ಪಕ್ಕದವರ ಕೈ ಕುಲುಕಿ’ ಎಂದು ವೇದಿಕೆಯಿಂದ ಹೇಳಿದಾಗ ಕುಲುಕಿದರೆ ಸಾಕು, ಪಕ್ಕದವರು ಯಾರೆಂದು ತಿಳಿಯುವ ಕಷ್ಟವಿಲ್ಲ. ನನಗೆ ಒಂದು ಗಳಿಗೆ ಅಸೂಯೆಯೇ ಆಯಿತು. ಆಮೇಲೆ ಭಯವಾಯಿತು. ಅಂಕಲ್ ಇಲ್ಲದೆ ಕೂಟ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಾಡನ್ನು ಯಾರೋ ಕೆಳಗಿನ ಶ್ರುತಿಗೆ ಎತ್ತಿಕೊಂಡರು, ಯಾರೋ ಮೇಲಿನದಕ್ಕೆ. ಪ್ರಾರ್ಥನೆಗಳು ಚುಟುಕಾದವು. ಪಫ್ಸ್ ಕೂಡ ಮಿಕ್ಕಿತು. ಬೇಸರವಾಯಿತು, ನಿಜವಾದ ಬೇಸರ. ಬುಧವಾರ ಬಿಡುವಾದರೆ ಸಾಕು ಎಂದು ಹಂಬಲಿಸುತ್ತಿದ್ದ ನನಗೇ ಹಾಗನ್ನಿಸಿತು.

ಅಂಥ ಒಂದು ಬುಧವಾರ ಗ್ರೇಸ್ ಆಂಟಿಯ ಸರದಿ ಬಂತು. ಕಣ್ಣು ಮುಚ್ಚಿದರು. “ಕರ್ತನೇ...” ಎಂದರು. ಇನ್ನೊಮ್ಮೆ “ಕರ್ತನೇ...” ಎಂದರು. ಯಾರಿಗೆ ತಗುಲಬೇಕೋ ಅವರೇ ಇಲ್ಲದ ಮೇಲೆ ಆಡುವ ಮಾತಾದರೂ ಎಲ್ಲಿಂದ ಬರಬೇಕು? ಕೊನೆಗೆ ಕಣ್ಣು ಬಿಟ್ಟು, “ಹೀಗಾದ್ರೆ ಆಗಲ್ಲ. ಚಪ್ಪಲಿ ಹಾಕ್ಕೊಳ್ಳಿ ಎಲ್ರೂ” ಎಂದರು.

ಎರಡು ಆಟೋದಲ್ಲಿ ಬಾಣಸವಾಡಿಗೆ ಹೋದೆವು. ಅಂಕಲ್ ಬನಿಯನ್ನಿನಲ್ಲೇ ಬಾಗಿಲು ತೆಗೆದರು. ನಮ್ಮನ್ನು ನೋಡಿ, “ಯಾರು ಹೋಗ್ಬಿಟ್ರು?” ಎಂದು ಗಾಬರಿಯಾದರು. ಇಷ್ಟು ಜನ ಒಟ್ಟಿಗೆ ಕರೆಯದೆ ಬರುವುದು ಸಾವಿಗೆ ಮಾತ್ರ ಎಂಬುದು ಅವರ ಲೆಕ್ಕ.

“ಯಾರೂ ಹೋಗಿಲ್ಲ, ನೀವೇ ಹೋಗಿರೋದು” ಎಂದು ಆಂಟಿ ಒಳಗೆ ನಡೆದರು. ಕ್ಷಮಿಸಿ ಎನ್ನಲಿಲ್ಲ, ಹೇಗಿದ್ದೀರಿ ಎಂದೂ ಕೇಳಲಿಲ್ಲ. ಸೋಫಾದ ಮೇಲಿದ್ದ ಒಗೆದ ಬಟ್ಟೆಗಳನ್ನು ಅತ್ತ ಸರಿಸಿ ಕೂತು, ಕಣ್ಣು ಮುಚ್ಚಿ ಶುರು ಮಾಡಿಯೇಬಿಟ್ಟರು. ನಾವು ನಿಂತ ನಿಂತಲ್ಲೇ ಕಣ್ಣು ಮುಚ್ಚಿದೆವು.

“ಕರ್ತನೇ, ಈ ಮನುಷ್ಯನಿಗೆ ಬುದ್ಧಿ ಕೊಡು. ಕೊಡದಿದ್ರೂ ಪರವಾಗಿಲ್ಲ, ಬುಧವಾರ ಕಳಿಸ್ಕೊಡು. ನನ್ನ ನಾಲಿಗೆಗೂ ಸ್ವಲ್ಪ ಕಡಿವಾಣ...”

“ಆಮೆನ್!” ಎಂದರು ಸಾಲೋಮನ್ ಅಂಕಲ್, ಬೀದಿಗೆ ಕೇಳುವಂತೆ.

ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ದೇವರಿಗೆ ಉತ್ತರ ಕೊಡಲು ಅವಕಾಶವೇ ಸಿಗಲಿಲ್ಲ. ಇಂಥ ವಿಷಯಗಳಲ್ಲಿ ಆತನೂ ನಮ್ಮನ್ನೇ ನೆಚ್ಚಿಕೊಂಡು ಕೂತಿರುತ್ತಾನೆ ಎಂದು ನನಗೆ ಬಲವಾದ ಅನುಮಾನ.