ಮೂತ್ರ ಕಟ್ಟಿದ ಕ್ರೇನ್ ಮಾವ

ಮೂತ್ರ ಕಟ್ಟುವುದೆಂದರೆ ಪೈಪಿನಲ್ಲಿ ಕಸ ಸಿಕ್ಕಿಕೊಂಡ ಹಾಗೆ, ಮೇಲಿಂದ ನಾಲ್ಕು ಚೆಂಬು ನೀರು ಸುರಿದರೆ ತಾನಾಗಿ ಕಿತ್ತುಕೊಂಡು ಬರುತ್ತದೆ ಎಂದು ಅಳಿಯ ನಂಬಿದ್ದ. ಕಟ್ಟಡ ಕಂಪನಿಯಲ್ಲಿ ಹಾಜರಿ ಹಾಕುವ ಗುಮಾಸ್ತ ಅವನು. ಸಂಬಳ ಹಾಜರಿಗೆ ಮಾತ್ರ. ಲೋಕಕ್ಕೆ ಬುದ್ಧಿ ಹೇಳುವ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದ. ಆ ಬುದ್ಧಿಗೆ ಸಿಕ್ಕಿ ನರಳಿದವನು ಅವನ ಸೋದರಮಾವ.

ಮಾವ ಅದೇ ಕಟ್ಟಡದ ಕ್ರೇನ್ ಓಡಿಸುವವನು. ಮುಗಿಲಿಗೆ ನೇತುಹಾಕಿದಂಥ ಗಾಜಿನ ಗೂಡು, ಅದರೊಳಗೆ ಕುರ್ಚಿ, ಎರಡು ಹಿಡಿಕೆ, ವಾಕಿಟಾಕಿ, ಕಾಲ ಬಳಿ ಅಗಲ ಬಾಯಿಯ ಬಾಟಲಿ. ಬೆಳಿಗ್ಗೆ ಹತ್ತಿದರೆ ಊಟಕ್ಕೇ ಇಳಿಯುವುದು. ಈಚೆಗೆ ಬಾಟಲಿಯ ಕೆಲಸ ನಿಧಾನವಾಗಿತ್ತು; ತೊಟ್ಟಿಕ್ಕುವುದು, ನಿಲ್ಲುವುದು. ವಯಸ್ಸಾಯಿತು, ಇನ್ನೇನು ಎಂದುಕೊಂಡ ಮಾವ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಗೂಡಿನಿಂದ ಇಳಿಸಿಬಿಟ್ಟಾರೆಂಬ ಭಯ.

ಆ ದಿನ ಅವನಿಗೆ ನೆಗಡಿ. ಸೀನಿದರೆ ಹಿಡಿಕೆ ಅಲುಗುತ್ತದೆ, ಹಿಡಿಕೆ ಅಲುಗಿದರೆ ಕೆಳಗಿದ್ದವರ ಕಥೆ ಮುಗಿಯಿತು. ಅಳಿಯ ಅಂಗಡಿಯಿಂದ ಮೂಗು ಬಿಡಿಸುವ ಮಾತ್ರೆ ತಂದು, ಒಂದರ ಜಾಗದಲ್ಲಿ ಎರಡು ಕೊಟ್ಟ. ಮೂಗು ಬಿಟ್ಟಿತು, ಕೆಳಗೆ ಕಟ್ಟಿತು.

ಒಂದು ಭಾರ ಇಳಿಸಿ ಇನ್ನೊಂದು ಎತ್ತುವ ನಡುವೆ ಮಾವ ಬಾಟಲಿ ಹಿಡಿದ. ಹನಿಯಿಲ್ಲ. ತಿಣುಕಿದ, ಕಣ್ಣು ಮುಚ್ಚಿದ, ದೇವರನ್ನೂ ನೆನೆದ. ಕಿಬ್ಬೊಟ್ಟೆ ಕಲ್ಲಾಯಿತು. ಕೊನೆಗೆ ಮಾನ ಬದಿಗಿಟ್ಟು ವಾಕಿಟಾಕಿಯಲ್ಲಿ ಅಳಿಯನನ್ನು ಕೇಳಿದ. ಇಡೀ ಕಟ್ಟಡ ಕೇಳಿಸಿಕೊಂಡಿತು.

"ನೀರು ಕುಡಿ ಮಾವ, ಗಟಗಟ ಅಂತ. ತಳ್ಕೊಂಡು ಬರುತ್ತೆ."

ಮಾವ ಕುಡಿದ. "ಬಿಡೋಕೆ ಮುಂಚೆ ಒಂದ್ ಮಾತು ಹೇಳಪ್ಪ, ಹೆಲ್ಮೆಟ್ ಹಾಕ್ಕೋತೀವಿ" ಎಂದ ಕೆಳಗಿನಿಂದೊಬ್ಬ ಗಾರೆಯವನು. ಅಷ್ಟರಲ್ಲಿ ಕ್ರೇನಿನ ಕೊಕ್ಕೆಗೆ ಕಬ್ಬಿಣದ ಕಂತೆ ಸಿಕ್ಕಿಸಿಯಾಗಿತ್ತು. ಅದು ನೆಲ ಮುಟ್ಟುವ ತನಕ ಕುರ್ಚಿ ಬಿಡುವಂತಿಲ್ಲ. ಸುತ್ತ ಆಕಾಶವೋ ಆಕಾಶ, ಕಾಲು ಚಾಚಲು ಜಾಗವಿಲ್ಲ; ಒಳಗೆ ತುಂಬಿದ್ದಕ್ಕೆ ದಾರಿಯಿಲ್ಲ, ತುಂಬಿಕೊಂಡು ಕೂತವನಿಗೂ ಇಲ್ಲ. ಕಂತೆ ಇಳಿಸಿ, ಏಣಿಯ ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿ ಕೆಳಗೆ ಬಂದ.

ಆಸ್ಪತ್ರೆಯಲ್ಲಿ ನಳಿಗೆ ಹಾಕಿ ಖಾಲಿ ಮಾಡಿದ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೂತ್ರಕೋಶದ ಕುತ್ತಿಗೆಯಲ್ಲಿ ನಮ್ಮ ಮಾತು ಕೇಳದ ಸ್ನಾಯುವಿದೆ. ಒಂದು ಬಗೆಯ ನರ ಅದಕ್ಕೆ 'ಹಿಡಿ' ಅನ್ನುತ್ತದೆ, ಇನ್ನೊಂದು 'ಬಿಡು' ಅನ್ನುತ್ತದೆ. ಮೂಗಿನ ರಕ್ತನಾಳ ಬಿಗಿಯುವ ಮಾತ್ರೆ, 'ಹಿಡಿ' ಅನ್ನುವ ನರದ ದನಿಯಲ್ಲೇ ಕೂಗುತ್ತದೆ. ಮೂತ್ರನಾಳದ ಸುತ್ತಲಿನ ಪ್ರಾಸ್ಟೇಟ್ ಗ್ರಂಥಿ ಮೊದಲೇ ಊದಿದ್ದವನಿಗೆ ಅಷ್ಟೇ ಸಾಕು. ನೀರು ಕುಡಿದದ್ದು ಬೀಗ ಹಾಕಿದ ಕೋಣೆಗೆ ಇನ್ನಷ್ಟು ಜನರನ್ನು ತುಂಬಿದಂತೆ.

ಆ ಕೂಗು ಸ್ನಾಯುವಿಗೆ ಕೇಳದಂತೆ ಮಾಡುವ ಮಾತ್ರೆಯೂ ಇದೆಯಂತೆ, ದಿನಾ ನುಂಗಬೇಕು. ಆದರೆ ಅದು ಮೈಯ ರಕ್ತನಾಳಗಳನ್ನೂ ಸಡಿಲಿಸುವುದರಿಂದ ಎದ್ದು ನಿಂತಾಗ ತಲೆ ಸುತ್ತಬಹುದು. ತಲೆ ಸುತ್ತಿಸುವ ಮಾತ್ರೆ ನುಂಗುವವನಿಗೆ ಏಣಿ ಇಲ್ಲ, ಅದು ಕಂಪನಿಯ ನಿಯಮ. ಕಿಟಕಿಯಾಚೆ ಕ್ರೇನಿನ ಉದ್ದ ತೋಳು ಅಲುಗದೆ ನಿಂತಿತ್ತು. ಮಾವ ಅದನ್ನೇ ನೋಡುತ್ತ ಮಲಗಿದ್ದ, ಮಂಚದ ಪಕ್ಕದಲ್ಲಿ ಮೂತ್ರದ ಚೀಲ.

ಸುಮ್ಮನಿರಲಾರದ ಅಳಿಯ ಕೇಳಿಯೇಬಿಟ್ಟ: "ಈಗ ಏನ್ ಮಾಡ್ತೀಯ ಮಾವ? ಕ್ರೇನ್ ಬೇಕೋ, ಮಾತ್ರೆ ಬೇಕೋ?"

"ಅದೇ ಬೇಕು ಕಣೋ. ಕ್ರೇನಿಗೆ ಇನ್ನೊಬ್ಬ ಹತ್ತುತ್ತಾನೆ. ನನ್ನ ಉಚ್ಚೆ ನಾನೇ ಹೊಯ್ಯಬೇಕು."